ಸೋಲುವವರ ಮನೆಗೆ ಮೊದಲು

"ಮೊದಲನೇದು ನಿಮ್ಮ ಮನಸ್ಸಿಗೆ ಬಂದವರಿಗೆ ಕೊಡ್ರಿ ಆಂಟಿ," ಎಂದ ತೇಜಸ್ವಿನಿ ಒಂದು ಕ್ಷಣ ತಡೆದು, ತಲೆಯನ್ನು ತುಸು ಬಾಗಿಸಿ, "ಎರಡನೇದು ನನಗಿರಲಿ," ಎಂದಳು.

ಸರಸ್ವತಮ್ಮ ಜಾಲರಿ ಬಾಗಿಲಿನ ಚಿಲಕ ತೆಗೆದಿರಲಿಲ್ಲ. ಒಳಗಿನಿಂದ ನೋಡಿದರೆ ಹುಡುಗಿಯ ಮುಖ ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತಿತ್ತು. ಕೈಯಲ್ಲಿ ಅವಳದೇ ಫೋಟೋ ಅಚ್ಚಾದ ಚುನಾವಣೆಯ ಕಾರ್ಡುಗಳು, ಹೆಗಲಿಗೆ ಬಟ್ಟೆಯ ಚೀಲ. ಟಾರ್ನೀಟ್ ಎಂಬ ಆ ಪರದೇಶದ ಬಡಾವಣೆಯ ಬಯಲು ಗಾಳಿ ಅವಳ ಕೂದಲನ್ನು ಬಾಯಿಗೆ ತಂದು ಹಾಕುತ್ತಿತ್ತು. ಅವಳು ಅದನ್ನು ಸರಿಸಿಕೊಳ್ಳುತ್ತ ನಗುತ್ತಿದ್ದಳು.

ಆ ಮಾತು ಸರಸ್ವತಮ್ಮನ ಗಂಡನದು. ಮಾತಷ್ಟೇ ಅಲ್ಲ, ನಡುವೆ ತಡೆಯುವುದು, ತಲೆ ಬಾಗಿಸುವುದು, ಎಲ್ಲವೂ ಶ್ರೀಕಂಠಯ್ಯನವರದೇ. ಅವರು ತೀರಿಕೊಂಡು ವರ್ಷದ ಶ್ರಾದ್ಧ ಇನ್ನೂ ಆಗಿರಲಿಲ್ಲ. ಅವರ ಸ್ವೆಟರುಗಳನ್ನು ಸರಸ್ವತಮ್ಮ ಯಾರಿಗೂ ಕೊಟ್ಟಿರಲಿಲ್ಲ. ಈ ಹುಡುಗಿ ಮಾತ್ರ ಅವರ ದನಿಯನ್ನೇ ತೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಕಾರ್ಡು ಅಲ್ಲೇ ಮೆಟ್ಟಿಲ ಮೇಲಿಡು," ಎಂದರು.

"ಒಳಗ ಬರಂಗಿಲ್ಲೇನ್ರಿ ನಾ? ಒಂದು ಲೋಟ ನೀರಾದ್ರೂ ಕೊಡ್ರಿ. ಮುಂಜಾನಿಂದ ನಾಯಿ ಬೊಗಳಿಸ್ಕೋತ ಅಡ್ಡಾಡಾಕತ್ತೀನಿ."

ನೀರು ಕೇಳಿದವರಿಗೆ ಇಲ್ಲವೆನ್ನುವುದು ಆ ಮನೆಯಲ್ಲಿ ಇರಲಿಲ್ಲ. ಸರಸ್ವತಮ್ಮ ಚಿಲಕ ತೆಗೆದರು. ತೇಜಸ್ವಿನಿ ಬೂಟು ಬಿಚ್ಚಿ ಒಳಗೆ ಬಂದು, ಶ್ರೀಕಂಠಯ್ಯನವರ ಪಟಕ್ಕೆ ಕೈಮುಗಿದು, ಊಟದ ಮೇಜಿನ ಬಳಿ ತನ್ನ ಎಂದಿನ ಕುರ್ಚಿಯಲ್ಲಿ ಕುಳಿತಳು. ಎಂದಿನ ಕುರ್ಚಿ ಎನ್ನುವುದೇ ಸರಸ್ವತಮ್ಮನಿಗೆ ಮುಳ್ಳಾಯಿತು.

"ಶನಿವಾರ ಭಜನಿಗೆ ಬರ್ತೀರಲ್ರಿ? ಅಲ್ಲೆ ಹಿರಿಯರಿಗೆಲ್ಲ ಹೆಂಗ ನಂಬರ್ ಹಾಕೂದು ಅಂತ ಒಂದೀಟು ಹೇಳಿಕೊಡ್ರಿ. ನಾ ಹೇಳಿದ್ರ ಕ್ಯಾಂಪೇನ್ ಅಂತಾರ. ನೀವು ಹೇಳಿದ್ರ ಅಂಕಲ್ ಹೇಳಿಧಂಗ."

"ಅಂಕಲ್ ಹೇಳಿದ ಹಾಗೆ ಹೇಳೋಕೆ ನೀನೇ ಇದ್ದೀಯಲ್ಲಮ್ಮ," ಎಂದರು ಸರಸ್ವತಮ್ಮ. "ನನಗೆ ಮೊಣಕಾಲು ನೋವು. ಬರ್ತೀನೋ ಇಲ್ವೋ ಗೊತ್ತಿಲ್ಲ."

ತೇಜಸ್ವಿನಿ ನೀರು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೋದಳು. ಅವಳು ಹೋದ ಮೇಲೆ ಸರಸ್ವತಮ್ಮ ಆ ಲೋಟವನ್ನು ಇನ್ನೊಮ್ಮೆ ತೊಳೆದರು.

ಹಿಂದಿನ ಚುನಾವಣೆಯಲ್ಲಿ ನಗರಸಭೆಯಂಥ ಇಲ್ಲಿನ ಕೌನ್ಸಿಲಿಗೆ ನಿಂತವರು ಶ್ರೀಕಂಠಯ್ಯನವರೇ. ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಚೌಕ. ಎಲ್ಲ ಚೌಕಗಳಿಗೂ ಒಂದು, ಎರಡು, ಮೂರು ಎಂದು ತಮಗೆ ಬೇಕಾದ ಕ್ರಮದಲ್ಲಿ ಅಂಕಿ ಹಾಕಿ ತಿರುಗಿ ಕಳುಹಿಸಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ, ಎಲ್ಲರಿಗಿಂತ ಹಿಂದೆ ಬಿದ್ದವರನ್ನು ಕೈಬಿಟ್ಟು, ಅವರ ಪತ್ರಗಳನ್ನು ಎರಡನೆಯ ಅಂಕಿ ಯಾರಿಗಿದೆಯೋ ಅವರ ಪಾಲಿಗೆ ಹಾಕುತ್ತಾರೆ. ಚೌಕಗಳನ್ನು ಖಾಲಿ ಬಿಟ್ಟರೆ ಪತ್ರವೇ ಅಸಿಂಧು.

ಎಣಿಕೆಯ ಕೋಣೆಗೆ ಅಭ್ಯರ್ಥಿ ಹೋಗುವಂತಿಲ್ಲ. ಅವರ ಪರವಾಗಿ ಯಾರಾದರೂ ಹೋಗಿ ನೋಡಬಹುದು. ಗಂಡನ ಪರವಾಗಿ ಸರಸ್ವತಮ್ಮ ಹೋಗಿದ್ದರು. ಅಲ್ಲಿ ಅಸಿಂಧು ಪತ್ರಗಳ ತಟ್ಟೆ ತುಂಬಿ ಹೋಗಿತ್ತು. ಬಗ್ಗಿ ನೋಡಿದರೆ, ಒಂದಾದ ಮೇಲೊಂದು, ಶ್ರೀಕಂಠಯ್ಯನವರ ಹೆಸರಿನ ಮುಂದೆ ದಪ್ಪವಾಗಿ ಒಂದು. ಮಿಕ್ಕ ಚೌಕಗಳೆಲ್ಲ ಖಾಲಿ. ಎಲ್ಲ ನಮ್ಮವರೇ. ನಮ್ಮ ಮನುಷ್ಯನಿಗೆ ಒಂದು ಕೊಟ್ಟ ಕೈಯಲ್ಲಿ ಎದುರಾಳಿಗೆ ಎರಡು ಕೊಡುವುದುಂಟೆ ಎಂದು ನಿಷ್ಠೆ ತೋರಿಸಿದ್ದರು. ಆ ನಿಷ್ಠೆಯಿಂದಲೇ ಶ್ರೀಕಂಠಯ್ಯನವರು ಸೋತರು.

ಮನೆಗೆ ಬಂದು ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. "ಆ ತಟ್ಟೇಲಿ ನಿನ್ನದೂ ಒಂದಿತ್ತು ಅಲ್ವೇನೇ?"

"ಇನ್ನೇನು ಮತ್ತೆ? ಕಂಡ ಕಂಡವರಿಗೆಲ್ಲ ನಂಬರ್ ಹಾಕೋಕೆ ನನಗೇನು ಹುಚ್ಚೇ?"

"ಹೆಂಡತಿ ಓಟೇ ಬೀಳದೆ ಸೋತವನು ಈ ದೇಶದಲ್ಲಿ ನಾನೊಬ್ಬನೇ ಇರಬೇಕು," ಎಂದು ಮತ್ತೆ ನಕ್ಕಿದ್ದರು.

ಆಮೇಲೆ ಅವರಿಗೆ ಶಿಷ್ಯೆಯಾಗಿ ಸಿಕ್ಕಿದವಳು ತೇಜಸ್ವಿನಿ. ಹುಬ್ಬಳ್ಳಿಯಿಂದ ಓದಲು ಬಂದು, ಇಲ್ಲಿನ ಪೌರತ್ವ ಪಡೆದು, ಈಗ ವೃದ್ಧಾಶ್ರಮವೊಂದರಲ್ಲಿ ದಾದಿಯರ ಪಾಳಿ ಹಾಕುವ ಕೆಲಸದಲ್ಲಿದ್ದಳು. ಬಸ್ಸು ಬಾರದೆ ತನ್ನ ದಾದಿಯರು ತಡವಾಗುತ್ತಾರೆಂದು ಕೌನ್ಸಿಲಿನ ಸಭೆಯಲ್ಲಿ ಎದ್ದು ಜಗಳವಾಡಿದ್ದಳು. "ಆ ಹುಡುಗಿಗೆ ಬಾಯಿದೆ, ಇನ್ನೊಬ್ಬರ ಮಾತಿಗೆ ಕಿವಿ ಕೊಡೋದು ಕಲಿತರೆ ಸಾಕು," ಎಂದು ಶ್ರೀಕಂಠಯ್ಯನವರು ಮನೆಗೆ ಕರೆದರು. ಮೇಜಿನ ತುಂಬ ವಾರ್ಡಿನ ನಕ್ಷೆ ಹರಡುತ್ತಿತ್ತು. "ಗೆಲ್ಲುವವರ ಹಿಂದೆ ಎಲ್ಲರೂ ಹೋಗ್ತಾರೆ. ನೀನು ಸೋಲುವವರ ಮನೆಗೆ ಮೊದಲು ಹೋಗು. ಅವರ ಮಾತು ಪೂರ್ತಿ ಕೇಳು. ಅವರನ್ನು ನಂಬಿದವರ ಎರಡನೆಯ ಅಂಕಿ ನಿನ್ನದಾಗುತ್ತೆ," ಎಂದು ಹೇಳಿಕೊಡುತ್ತಿದ್ದರು. ಸರಸ್ವತಮ್ಮ ಅವಲಕ್ಕಿ ಒಗ್ಗರಣೆ ಹಾಕಿ ತಂದಿಡುತ್ತಿದ್ದರು. ನಕ್ಷೆಯ ಮೇಲೆ ಎಣ್ಣೆ ಬಿದ್ದೀತೆಂದು ಶ್ರೀಕಂಠಯ್ಯನವರು ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ಮಗಳು ಇಂಚರಾಳ ಬಾಣಂತನಕ್ಕೆಂದು ಸಿಡ್ನಿಗೆ ಹೋದಾಗಲೂ ಅದೇ ಆಯಿತು. ಪ್ಯಾರಮ್ಯಾಟಾದ ಆ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, ಒಂದು ಕೈ ಬೆನ್ನ ಹಿಂದೆ ಕಟ್ಟಿ, ಅತ್ತಿಂದಿತ್ತ ಹೆಜ್ಜೆ ಹಾಕುತ್ತ ಸಂಜೆಯೆಲ್ಲ ಫೋನಿನಲ್ಲಿ ಅವಳಿಗೆ ಪಾಠ. ಗಂಡನ ನಡತೆಯಲ್ಲಿ ಸರಸ್ವತಮ್ಮನಿಗೆ ಎಂದೂ ಸಂದೇಹ ಬಂದದ್ದಿಲ್ಲ. ಸಂದೇಹ ಬಂದಿದ್ದರೆ ಬೈಯಬಹುದಿತ್ತು. ಹೆಂಡತಿಗೆ ಹೇಳಲು ತೋಚದ ಮಾತುಗಳೆಲ್ಲ ಆ ಹುಡುಗಿಯ ಫೋನು ಬಂದರೆ ತಾವಾಗಿ ಹುಟ್ಟುತ್ತಿದ್ದವಲ್ಲ, ಅದಕ್ಕೆ ಯಾರನ್ನು ಬೈಯುವುದು?

ಕೊನೆಯ ದಿನವೂ ಫೋನು ಅವಳದೇ. ಹಿತ್ತಲಿನಲ್ಲಿ ಕರಿಬೇವಿನ ಕುಂಡದ ಬಳಿ ನಿಂತು ಮಾತಾಡುತ್ತಿದ್ದರು. "ದೋಸೆ ಆರುತ್ತೆ, ಬನ್ನಿ," ಎಂದು ಸರಸ್ವತಮ್ಮ ಕೂಗಿದರು. ಅವರು ತಿರುಗಿ, ಒಂದು ನಿಮಿಷ ಎಂಬಂತೆ ಒಂದು ಬೆರಳೆತ್ತಿ ತೋರಿಸಿದರು. ಸರಸ್ವತಮ್ಮ ಒಳಗೆ ಹೋಗಿ ದೋಸೆಯ ಮೇಲೆ ತಟ್ಟೆ ಮುಚ್ಚಿದರು. ಮತ್ತೆ ಬಂದು ನೋಡುವಾಗ ಅವರು ನೆಲದ ಮೇಲಿದ್ದರು.

ಇಂಚರಾ ಸಿಡ್ನಿಯಿಂದ ಫೋನು ಮಾಡಿದಳು. "ತೇಜು ಬಂದಿದ್ಲಂತೆ? ನೀನು ಸರಿಯಾಗಿ ಮಾತಾಡ್ಲಿಲ್ವಂತೆ?"

"ಅಷ್ಟು ಬೇಗ ಚಾಡಿ ಹೇಳಿದ್ಲಾ?"

"ಚಾಡಿ ಅಲ್ಲಮ್ಮ, 'ಆಂಟಿ ಡಲ್ ಆಗಿದ್ದಾರೆ, ಒಂದ್ಸಲ ಮಾತಾಡು' ಅಂತ ಮೆಸೇಜ್ ಮಾಡಿದ್ಲು. ಅಪ್ಪ ಎಷ್ಟು ಆಸೆಪಟ್ಟು ಟ್ರೈನ್ ಮಾಡಿದ್ರು ಅವಳನ್ನ. ನೀನು ಜೆಲಸ್ ಆಗಿದೀಯ, ಅಷ್ಟೇ."

"ಜೆಲಸ್ಸೂ ಇಲ್ಲ, ಗಿಲಸ್ಸೂ ಇಲ್ಲ. ಮಗೂಗೆ ಫೋನ್ ಕೊಡು."

ಮೊಮ್ಮಗಳು ಆದ್ಯಾ ಫೋನು ಹಿಡಿದು, "ಅಜ್ಜಿ, ಹೂ ಆರ್ ಯು ವೋಟಿಂಗ್ ಫಾರ್?" ಎಂದಳು. ಅವಳಮ್ಮನೇ ಹೇಳಿಕೊಟ್ಟಿರಬೇಕು, ಹಿಂದಿನಿಂದ ನಗು ಕೇಳಿಸಿತು.

ಶನಿವಾರ ಸರಸ್ವತಮ್ಮ ಭಜನೆಗೆ ಹೋದರು. ಪಕ್ಕದ ಬಡಾವಣೆ ಟ್ರುಗನಿನಾದಲ್ಲಿ ಸುಬ್ಬಣ್ಣನವರ ಕಾರಿನ ಗ್ಯಾರೇಜನ್ನೇ ತೊಳೆದು, ಜಮಖಾನ ಹಾಸಿ, ದೇವರ ಪಟಗಳನ್ನಿಟ್ಟು ಭಜನೆ ನಡೆಸುತ್ತಿದ್ದರು. ಬಂದವರೆಲ್ಲ ಮಕ್ಕಳ ಬೆನ್ನು ಹಿಡಿದು ಬಂದು ಇಲ್ಲೇ ನೆಲೆಸಿದ ಹಿರಿಯರು. ಮಂಗಳಾರತಿಗೆ ಮುಂಚೆ ಸುಬ್ಬಣ್ಣ ಎಂದಿನಂತೆ ನಾಲ್ಕು ಮಾತು ಹೇಳಿದರು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂದು ಬೆರಳು ಮಡಿಸುತ್ತ ಹೋದರು. ಮತ್ಸರಕ್ಕೆ ಬರುವಾಗ ಒಂದು ಕೈಯ ಬೆರಳುಗಳು ಮುಗಿದಿದ್ದವು. ಇನ್ನೊಂದು ಕೈ ತೆಗೆಯಬೇಕಾಯಿತು. ಸರಸ್ವತಮ್ಮ ಕಣ್ಣು ಮುಚ್ಚಿಕೊಂಡರು.

ಪ್ರಸಾದದ ಹೊತ್ತಿಗೆ ಮಾತು ಚುನಾವಣೆಗೆ ತಿರುಗಿತು. ಬೈಲಹೊಂಗಲದ ಕಡೆಯ ರತ್ನವ್ವ ತಮ್ಮ ಚೀಲದಿಂದ ಮತಪತ್ರದ ಲಕೋಟೆ ತೆಗೆದರು.

"ನಮ್ಮ ತೇಜೂಗ ಒಂದು ಬರದು, ಉಳಿದಿದ್ದೆಲ್ಲಾ ಹಂಗಽ ಬಿಡೂದು. ಉಳಿದವರು ನಮಗ ಏನ್ ಆಗಬೇಕ್ರಿ? ಸೋದರಮಾವಂದಿರೇನು?"

ಎಲ್ಲರೂ ನಕ್ಕರು. "ಅದೇ ಸರಿ," ಎಂದರು ಸುಬ್ಬಣ್ಣ. "ಈಗಿರೋ ಕೌನ್ಸಿಲರ್ ಗ್ರೇಮ್‌ಗೆ ನಾವು ಯಾಕೆ ನಂಬರ್ ಕೊಡಬೇಕು? ಶ್ರೀಕಂಠಯ್ಯನೋರು ಇದ್ದಿದ್ರೆ ಏನು ಹೇಳ್ತಿದ್ರು, ಸರಸ್ವತಮ್ಮ?"

ಗ್ಯಾರೇಜಿನಲ್ಲಿದ್ದವರೆಲ್ಲ ಇವರ ಕಡೆ ತಿರುಗಿದರು. ಹೇಳಬೇಕಾದ್ದು ಒಂದೇ ವಾಕ್ಯ. ಎಲ್ಲ ಚೌಕವನ್ನೂ ತುಂಬಿ, ಇಲ್ಲದಿದ್ದರೆ ನಿಮ್ಮ ಮತ ಅವಳಿಗೆ ಸೇರುವುದಿಲ್ಲ. ಆ ತುಂಬಿದ ತಟ್ಟೆಯನ್ನು ಕಣ್ಣಾರೆ ಕಂಡವರು ಅಲ್ಲಿ ಇವರೊಬ್ಬರೇ. ಆದರೆ ಮನಸ್ಸಿನ ತಳದಲ್ಲಿ ಏನೋ ಬೆಚ್ಚಗೆ ಹೊರಳಿತು. ಅವರು ಸೋತ ಜಾಗದಲ್ಲಿ ಅವಳೇಕೆ ಗೆಲ್ಲಬೇಕು?

"ಇವರು ಮನೇಲಿ ಅದನ್ನೆಲ್ಲ ನನ್ನ ಹತ್ತಿರ ಮಾತಾಡ್ತಿರಲಿಲ್ಲ," ಎಂದರು ಸರಸ್ವತಮ್ಮ. ಆಮೇಲೆ ಪ್ರಸಾದದ ಸಜ್ಜಿಗೆ ಬಾಯಿಗೆ ಹಾಕಿಕೊಂಡರು.

ಹೊರಗೆ ತೇಜಸ್ವಿನಿಯ ಕಾರು ನಿಂತಿತ್ತು. ಒಳಗೆ ಬಂದರೆ ಮತ ಕೇಳಲು ಬಂದಳೆನ್ನುತ್ತಾರೆಂದು ಅವಳು ಬಂದಿರಲಿಲ್ಲ. "ಹತ್ರಿ ಆಂಟಿ, ಮೊಣಕಾಲು ನೋವು ಅಂದಿದ್ರಿ," ಎಂದು ಬಾಗಿಲು ತೆರೆದಳು. ಸರಸ್ವತಮ್ಮನಿಗೆ ಬೇರೆ ದಾರಿ ಇರಲಿಲ್ಲ.

ದಾರಿಯ ಎರಡೂ ಬದಿಯಲ್ಲಿ ಕಿಟಕಿಯಿಲ್ಲದ ದೊಡ್ಡ ಗೋದಾಮುಗಳು, ಆಮೇಲೆ ಇನ್ನೂ ಹೆಂಚು ಹೊದಿಸದ ಮನೆಗಳ ಮರದ ಪಂಜರಗಳು. ಸಿಗ್ನಲಿನಲ್ಲಿ ಕಾರು ನಿಂತಾಗ ಸರಸ್ವತಮ್ಮ, ಇಷ್ಟು ತಿಂಗಳು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟರು.

"ಅವತ್ತು ಏನು ಮಾತಾಡ್ತಿದ್ರು?"

ತೇಜಸ್ವಿನಿಗೆ ಯಾವತ್ತು ಎಂದು ಕೇಳುವ ಅಗತ್ಯ ಬೀಳಲಿಲ್ಲ. "ನಿಮ್ಮ ಮಗ್ಗಲ ಮನಿ ಡೋರೀನ್ ಬಗ್ಗೆ. ಹಳ್ಳದ ಬಾಜೂಕಿನ ಹಳೇ ದೊಡ್ಡ ಗಿಡ ಕಡೀತಾರ ಅಂತ ಆಕಿ ಎಲೆಕ್ಷನ್‌ಗೆ ನಿಲ್ತಾಳ, ಸೋಲ್ತಾಳ, ಮೊದಲ ಆಕಿ ಮನಿಗೆ ಹೋಗಿ ಬಾ ಅಂದ್ರು. ಹೋಗಿದ್ದೆ. ಗಿಡಗೋಳ ಕೆಳಗ ಒಂದು ಮಧ್ಯಾಹ್ನ ಪೂರ್ತಿ ಅಡ್ಡಾಡಿಸಿದ್ಲು."

"ನನ್ನ ವಿಷಯ ಏನಾದ್ರೂ ಅಂದ್ರಾ?"

ಸಿಗ್ನಲು ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ ಮೇಲೆ ಅವಳು ಕಾರು ಬಿಟ್ಟಳು.

"ಇಲ್ರಿ ಆಂಟಿ."

ಸರಸ್ವತಮ್ಮ ಕಿಟಕಿಯ ಕಡೆ ತಿರುಗಿದರು.

"ಅಂದ್ರು ಅಂತ ಹೇಳಬಹುದಿತ್ತು ನಾ," ಎಂದಳು ತೇಜಸ್ವಿನಿ. ಅವಳ ದನಿಯಲ್ಲಿ ಈಗ ಶ್ರೀಕಂಠಯ್ಯನವರು ಇರಲಿಲ್ಲ. ಹುಬ್ಬಳ್ಳಿಯ ಹುಡುಗಿಯೊಬ್ಬಳೇ ಇದ್ದಳು. "ನಿಮ್ಮ ಕೈಯಾಗ ಆ ಹಿರಿಯಾರ ಓಟೆಲ್ಲಾ ಅವ, ನನಗೇನು ಗೊತ್ತಿಲ್ಲೇನು? ಆದ್ರ ಅಂದಿಲ್ರಿ. ನೀವು ಕರದದ್ದು ನನಗ ಕೇಳಿಸ್ತು. ದ್ವಾಶಿ ಆರತಾವು ಅಂದ್ರಿ. 'ಅಂಕಲ್, ಆಂಟಿ ಕರಿಯಾಕತ್ತಾರ, ಹೋಗ್ರಿ' ಅಂದೆ. ಸುಮ್ಮನಾದ್ರು. ಆಮೇಲೆ ಮಾತು ಬರಲಿಲ್ಲ. ಲೈನ್ ಕಟ್ ಆತು ಅಂತ ನಾ ಇಟ್ಟುಬಿಟ್ಟೆ." ಕಾರನ್ನು ಬೀದಿಗೆ ಹೊರಳಿಸುತ್ತ ಮತ್ತೆ, "ಇಟ್ಟುಬಿಟ್ಟೆ ನೋಡ್ರಿ," ಎಂದಳು.

ಮನೆ ಬಂತು. ಇಳಿಯುವಾಗ ತೇಜಸ್ವಿನಿ ಕೈ ಹಿಡಿಯಲು ಬಂದಳು. ಸರಸ್ವತಮ್ಮ ಕೈ ಕೊಡಲಿಲ್ಲ. ಕಾರಿನ ಬಾಗಿಲನ್ನೇ ಹಿಡಿದು ಇಳಿದರು. ಗೇಟಿನ ಬಳಿ ನಿಂತು, ತಿರುಗಿ ನೋಡದೆ ಕೇಳಿದರು.

"ಊಟ ಆಗಿದೆಯಾ ನಿಂದು?"

"ಆಗೇದ್ರಿ."

"ಸುಳ್ಳು."

"ಹೌದ್ರಿ," ಎಂದು ಅವಳು ನಕ್ಕಳು. ಸರಸ್ವತಮ್ಮ ಕೈಯಲ್ಲಿದ್ದ ಪ್ರಸಾದದ ಡಬ್ಬಿಯನ್ನು ಕಾರಿನ ಮುಂದಿನ ಸೀಟಿನ ಮೇಲಿಟ್ಟು ಒಳಗೆ ಹೋದರು.

ಮರುದಿನ ಬೆಳಗ್ಗೆ ಪೂಜೆ ಮುಗಿಯುವ ತನಕವೂ ಅವರ ಮನಸ್ಸು ಸ್ತೋತ್ರದಲ್ಲಿ ನಿಲ್ಲಲಿಲ್ಲ. ದೀಪದ ಮುಂದೆ ಕುಳಿತರೆ ತುಂಬಿದ ತಟ್ಟೆಯೇ ಕಾಣುತ್ತಿತ್ತು. ಮಂಗಳಾರತಿ ಮಾಡಿ, ಕೈ ಒರೆಸಿಕೊಂಡು, ರತ್ನವ್ವನಿಗೆ ಫೋನು ಮಾಡಿದರು.

"ಲಕೋಟೆ ಪೋಸ್ಟ್ ಮಾಡಿದ್ರಾ?"

"ಇಲ್ರೀ, ಇವತ್ತ ಐತವಾರ ಅಲ್ಲೇನು? ನಾಳೆ ಹಾಕೂದು."

"ಹಾಕಬೇಡಿ. ಇವತ್ತು ಸಂಜೆ ನಮ್ಮನೆಗೆ ಬನ್ನಿ. ಎಲ್ಲರಿಗೂ ಹೇಳಿ. ಲಕೋಟೆ ಮನೇಲೇ ಇರಲಿ, ನೀವು ಬಂದರೆ ಸಾಕು."

ಸಂಜೆ ಎಲ್ಲರೂ ಬಂದರು. ಸರಸ್ವತಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಚೌಕಗಳನ್ನು ಬರೆದರು. ಅಭ್ಯರ್ಥಿಗಳ ಹೆಸರು ಹಾಕಲಿಲ್ಲ. ಉಪ್ಪಿಟ್ಟು, ದೋಸೆ, ಇಡ್ಲಿ, ಪೂರಿ, ಅವಲಕ್ಕಿ ಎಂದು ಬರೆದರು.

"ನಿಮಗೆ ಇಷ್ಟವಾದದ್ದಕ್ಕೆ ಒಂದು ಹಾಕಿ. ಅದು ಮುಗಿದುಹೋಗಿದೆ ಅಂದ್ರೆ ಯಾವುದು ಬೇಕೋ ಅದಕ್ಕೆ ಎರಡು. ಹೀಗೇ ಕೊನೆತನಕ."

"ಉಪ್ಪಿಟ್ಟಿಗೆ ನಾ ನಂಬರ್ ಕೊಡಂಗಿಲ್ಲ," ಎಂದರು ರತ್ನವ್ವ. "ಜೀವಮಾನದಾಗ ಕೊಡಂಗಿಲ್ಲ."

"ಕೊಡಬೇಕು ರತ್ನವ್ವ. ಕೊನೇ ನಂಬರಾದ್ರೂ ಕೊಡಬೇಕು. ಇಲ್ದಿದ್ರೆ ನಿಮಗೆ ದೋಸೇನೂ ಇಲ್ಲ. ಹೋದ ಸಲ ನಾವೆಲ್ಲ ಹಾಗೇ ಮಾಡಿ ಇವರನ್ನು ಸೋಲಿಸಿದ್ವಿ. ಆ ತಟ್ಟೇಲಿ ನನ್ನ ಓಟೂ ಇತ್ತು."

ಸುಬ್ಬಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ ರತ್ನವ್ವ ಪೆನ್ನು ತೆಗೆದುಕೊಂಡು, ಮುಖ ಸಿಂಡರಿಸಿ, ಉಪ್ಪಿಟ್ಟಿನ ಮುಂದೆ ಐದು ಎಂದು ಬರೆದರು.

ಅವರೆಲ್ಲ ಹೋದ ಮೇಲೆ ಸರಸ್ವತಮ್ಮ ತಮ್ಮ ಮತಪತ್ರವನ್ನು ತೆರೆದರು. ಒಂದು ಎನ್ನುವ ಅಂಕಿಯನ್ನು ಡೋರೀನಳ ಹೆಸರಿನ ಮುಂದೆ ಬರೆದರು. ಸಾವಿನ ಮನೆಗೆ ಅವಳು ತಂದುಕೊಟ್ಟ ತಿಂಡಿಯ ಮೇಲೆ, ಮೊಟ್ಟೆ ಹಾಕಿಲ್ಲ ಎಂದು ಚೀಟಿ ಅಂಟಿಸಿದ್ದಳು. ಗ್ರೇಮ್‌ಗೆ ಕೊನೆಯದು. ನಡುವಿನವರಿಗೆಲ್ಲ ನಡುವಿನ ಅಂಕಿಗಳು. ತೇಜಸ್ವಿನಿಯ ಚೌಕ ಮಾತ್ರ ಬಹಳ ಹೊತ್ತು ಖಾಲಿ ಉಳಿಯಿತು. ಉಳಿದಿದ್ದ ಅಂಕಿ ಎರಡು. ಅವಳು ಕೇಳಿದ್ದೂ ಅದನ್ನೇ. ಅದಕ್ಕಿಂತ ಹೆಚ್ಚು ಕೊಡಲು ಅವರ ಕೈ ಬರಲಿಲ್ಲ. ಅಷ್ಟನ್ನು ಬರೆದು ಲಕೋಟೆ ಮುಚ್ಚಿದರು.

ಎಣಿಕೆಯ ದಿನ ತೇಜಸ್ವಿನಿಯ ಪರವಾಗಿ ಒಳಗೆ ಹೋದವರು ಸರಸ್ವತಮ್ಮ. ಆ ಕೋಣೆಯನ್ನು ಮೊದಲೇ ಕಂಡವರು ಬೇರಾರೂ ಇಲ್ಲ ಎಂದು ಇಂಚರಾ ಸಿಡ್ನಿಯಿಂದ ಹಟ ಮಾಡಿ ಒಪ್ಪಿಸಿದ್ದಳು. ತೇಜಸ್ವಿನಿಯ ಹೆಸರಿದ್ದ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಟ್ಟರು. ಅದನ್ನು ಶಾಲಿನ ಕೆಳಗೆ ಸರಿಸಿಕೊಂಡು ಅವರು ಮೇಜಿನ ಬಳಿ ನಿಂತರು. ಫೋನನ್ನು ಅಧಿಕಾರಿಗಳು ಬಾಗಿಲಲ್ಲೇ ಇಸಿದುಕೊಂಡಿದ್ದರು.

ಅಸಿಂಧು ಪತ್ರಗಳ ತಟ್ಟೆಯನ್ನು ಅವರು ಮೊದಲು ನೋಡಿದರು. ಅದರ ತಳ ಕಾಣುತ್ತಿತ್ತು.

ಒಂದನೆಯ ಅಂಕಿಗಳಲ್ಲಿ ಗ್ರೇಮ್ ಮುಂದಿದ್ದ. ತೇಜಸ್ವಿನಿ ಅವನ ಹಿಂದೆ. ಆಮೇಲೆ ಹಿಂದೆ ಬಿದ್ದವರನ್ನು ಒಬ್ಬೊಬ್ಬರಾಗಿ ಕೈಬಿಡುತ್ತ ಬಂದರು. ಅಂತರ ಸ್ವಲ್ಪ ಸ್ವಲ್ಪವೇ ಕರಗಿತು, ಪೂರ್ತಿ ಕರಗಲಿಲ್ಲ. ಕೊನೆಗೆ ಉಳಿದದ್ದು ಡೋರೀನಳ ಕಟ್ಟು. ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡ ಹೆಂಗಸೊಬ್ಬಳು ಅದನ್ನು ಬಿಚ್ಚಿ, ಒಂದೊಂದೇ ಪತ್ರವನ್ನು ನೋಡಿ ಹಂಚತೊಡಗಿದಳು. ತೇಜಸ್ವಿನಿಗೆ. ತೇಜಸ್ವಿನಿಗೆ. ಗ್ರೇಮ್‌ಗೆ. ತೇಜಸ್ವಿನಿಗೆ. ಗಿಡಗಳ ಕೆಳಗೆ ಅಡ್ಡಾಡಿದ ಆ ಮಧ್ಯಾಹ್ನ ಒಂದೊಂದೇ ಹಾಳೆಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಅವುಗಳಲ್ಲಿ ತಮ್ಮದು ಯಾವುದೆಂದು ಸರಸ್ವತಮ್ಮ ಹುಡುಕಿದರು. ಎಲ್ಲ ಎರಡುಗಳೂ ಒಂದೇ ತೆರನಾಗಿದ್ದವು. ನೋಡನೋಡುತ್ತ ತೇಜಸ್ವಿನಿಯ ರಾಶಿ ಗ್ರೇಮ್‌ನದಕ್ಕಿಂತ ಎತ್ತರವಾಯಿತು.

ಕೋಣೆಯ ಒಂದು ಗೋಡೆ ಪೂರ್ತಿ ಗಾಜು. ಹೊರಗೆ, ಕಾರುಗಳ ನಡುವೆ, ತೇಜಸ್ವಿನಿ ಒಂದು ಕೈ ಬೆನ್ನ ಹಿಂದೆ ಕಟ್ಟಿ ಅತ್ತಿಂದಿತ್ತ ಹೆಜ್ಜೆ ಹಾಕುತ್ತಿದ್ದಳು. ಸರಸ್ವತಮ್ಮನ ಎದೆಯಲ್ಲಿ ಹಳೆಯ ಮುಳ್ಳು ಮತ್ತೊಮ್ಮೆ ಆಡಿತು. ಅವಳು ನಿಂತು, ಗಾಜಿನ ಹತ್ತಿರ ಬಂದು, ಎರಡೂ ಕೈಗಳನ್ನು ಕಣ್ಣಿಗೆ ಮರೆಮಾಡಿ ಒಳಗೆ ಇಣುಕಿದಳು. ಏನಾಯ್ತು ಎಂದು ಹುಬ್ಬಿನಲ್ಲೇ ಕೇಳಿದಳು.

ಸರಸ್ವತಮ್ಮ ಒಂದು ಬೆರಳೆತ್ತಿ ತೋರಿಸಿದರು. ಆಮೇಲೆ ಮೇಜಿನ ಕಡೆ ತಿರುಗಿ, ಉಳಿದ ಹಾಳೆಗಳು ಬೀಳುವುದನ್ನು ನೋಡುತ್ತ ನಿಂತರು.